ಪಣ ಒಡ್ಡಿದ್ದು ಯಾವ ನೆಲದಲ್ಲಿ?

1997ರ ಅಕ್ಟೋಬರ್‌ನಿಂದ ಮುಂದಿನ ಮಾರ್ಚ್‌ವರೆಗೆ ನ್ಯೂಯಾರ್ಕಿನ ಕೆಲವು ಎಫ್‌ಬಿಐ ಅಧಿಕಾರಿಗಳು ಗಿರಾಕಿಗಳ ವೇಷದಲ್ಲಿ ಫೋನ್ ಮಾಡಿ, ಇಂಟರ್‌ನೆಟ್‌ನಲ್ಲಿ ಖಾತೆ ತೆರೆದು, ಅಮೆರಿಕದ ಕ್ರೀಡಾ ಪಂದ್ಯಗಳ ಮೇಲೆ ಪಣ ಕಟ್ಟಿದರು. ಆ ಕಡೆಯಿಂದ ಫೋನ್ ಎತ್ತುತ್ತಿದ್ದವರು ಕೆರಿಬಿಯನ್ ದ್ವೀಪ ಆಂಟಿಗುವಾದಲ್ಲಿದ್ದ ವರ್ಲ್ಡ್ ಸ್ಪೋರ್ಟ್ಸ್ ಎಕ್ಸ್‌ಚೇಂಜ್ ಎಂಬ ಕಂಪನಿಯ ನೌಕರರು. ಆ ಕರೆಗಳಲ್ಲಿ ದಾಖಲಾದ ಮಾತುಗಳಿಂದ ಶುರುವಾದ ಮೊಕದ್ದಮೆ ಒಬ್ಬನನ್ನು ಜೈಲಿಗೆ ಕಳಿಸಿತು. ಅಲ್ಲಿಂದ ಅದು ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಗೆ ಹೋಗಿ ಎರಡು ದೇಶಗಳ ವ್ಯಾಜ್ಯವಾಯಿತು, ಕೊನೆಗೆ ಜಗತ್ತಿನ ಅತಿ ಬಲಾಢ್ಯ ದೇಶವೇ ಸೋತಿತು. ಸೋತವರು ಇಂದಿಗೂ ಪರಿಹಾರ ಕೊಟ್ಟಿಲ್ಲ.

ಆಂಟಿಗುವಾ ನಮಗೆ ಕ್ರಿಕೆಟ್‌ನಿಂದ ಪರಿಚಿತ. ವಿವ್ ರಿಚರ್ಡ್ಸ್ ಹುಟ್ಟಿದ ನೆಲ, ಬ್ರಯಾನ್ ಲಾರಾ ಎರಡು ಸಲ ವಿಶ್ವದಾಖಲೆಯ ರನ್ ಹೊಡೆದ ಅಂಗಳ. 2002ರ ಮೇ ತಿಂಗಳಲ್ಲಿ ನಮ್ಮ ಅನಿಲ್ ಕುಂಬ್ಳೆ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಬಂದು ಲಾರಾನನ್ನು ಔಟ್ ಮಾಡಿದ್ದು ಸೇಂಟ್ ಜಾನ್ಸ್‌ನ ಅದೇ ಅಂಗಳದಲ್ಲಿ. ಪಕ್ಕದ ಬಾರ್ಬುಡಾವನ್ನು ಸೇರಿಸಿದರೂ ಬೆಂಗಳೂರು ಮಹಾನಗರಕ್ಕಿಂತ ಚಿಕ್ಕ ದೇಶ. ಆಗಿನ ಜನಸಂಖ್ಯೆ ಸುಮಾರು 80 ಸಾವಿರ. ಕಬ್ಬಿನ ಕಾಲ ಮುಗಿದ ಮೇಲೆ ಅವರಿಗೆ ಉಳಿದದ್ದು ಪ್ರವಾಸೋದ್ಯಮ ಒಂದೇ. 1995ರ ಸೆಪ್ಟೆಂಬರ್‌ನಲ್ಲಿ ಬಂದ ಲೂಯಿಸ್ ಚಂಡಮಾರುತ ಅದನ್ನೂ ನೆಲಕಚ್ಚಿಸಿತು. ಬಿರುಗಾಳಿ ಮುಟ್ಟಲಾಗದ ವ್ಯಾಪಾರವೊಂದು ಬೇಕಿತ್ತು. ದೂರದಿಂದ ಜೂಜು ನಡೆಸುವವರಿಗೆ ಪರವಾನಗಿ ಕೊಟ್ಟು ಶುಲ್ಕ ಪಡೆಯುವ ದಾರಿ ಆಗ ಆ ಸರ್ಕಾರದ ಕೈಗೆ ಸಿಕ್ಕಿತು.

ಹೀಗೆ ಪರವಾನಗಿ ಪಡೆದವರಲ್ಲಿ ಜೇ ಕೋಹೆನ್ ಒಬ್ಬ. ಬರ್ಕ್ಲಿಯಲ್ಲಿ ಪರಮಾಣು ಎಂಜಿನಿಯರಿಂಗ್ ಓದಿ, ಸ್ಯಾನ್‌ಫ್ರಾನ್ಸಿಸ್ಕೊದ ಷೇರುಪೇಟೆಯಲ್ಲಿ ವಹಿವಾಟು ಮಾಡುತ್ತಿದ್ದ ತರುಣ. 1996ರಲ್ಲಿ ಕೆಲಸ ಬಿಟ್ಟು ಗೆಳೆಯರೊಂದಿಗೆ ಆಂಟಿಗುವಾದಲ್ಲಿ ಕಂಪನಿ ಕಟ್ಟಿದ. ವ್ಯವಸ್ಥೆ ಸರಳವಾಗಿತ್ತು. ಗಿರಾಕಿ ಕನಿಷ್ಠ 300 ಡಾಲರನ್ನು ಆಂಟಿಗುವಾದ ಖಾತೆಗೆ ಕಳಿಸಬೇಕು, ಆಮೇಲೆ ಫೋನಿನಲ್ಲೋ ಇಂಟರ್‌ನೆಟ್‌ನಲ್ಲೋ ಪಣ ಹೇಳಬೇಕು. ಕಂಪನಿಗೆ ಶೇ 10ರ ಕಮಿಷನ್. 1998ರ ನವೆಂಬರ್ ಒಂದೇ ತಿಂಗಳಲ್ಲಿ ಅಮೆರಿಕದಿಂದ ಸುಮಾರು 60 ಸಾವಿರ ಕರೆಗಳು ಬಂದಿದ್ದವು ಎಂದು ನ್ಯಾಯಾಲಯದ ದಾಖಲೆ ಹೇಳುತ್ತದೆ. ಹದಿನೈದು ತಿಂಗಳ ಒಂದು ಅವಧಿಯಲ್ಲಿ ಅಮೆರಿಕದ ಗಿರಾಕಿಗಳು ಕಳಿಸಿದ ಮೊತ್ತ ಸುಮಾರು 53 ಲಕ್ಷ ಡಾಲರ್.

1998ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ಅಭಿಯೋಜಕರು ಇಂಥ ಆರು ಕಂಪನಿಗಳ 14 ಮಂದಿಯ ಮೇಲೆ ಆರೋಪ ಹೊರಿಸಿದರು. ದೇಶದಾಚೆ ಹೋಗಿ ಕುಳಿತರೂ ಕಾನೂನಿನ ಕೈಯಿಂದ ತಪ್ಪಿಸಿಕೊಳ್ಳಲಾಗದು ಎಂದು ಆಗಿನ ಅಟಾರ್ನಿ ಜನರಲ್ ಜಾನೆಟ್ ರೆನೊ ಎಚ್ಚರಿಸಿದರು. ಆರೋಪಕ್ಕೆ ಆಧಾರವಾಗಿದ್ದದ್ದು 1961ರ ವೈರ್ ಆ್ಯಕ್ಟ್. ರಾಬರ್ಟ್ ಕೆನಡಿ ಅಟಾರ್ನಿ ಜನರಲ್ ಆಗಿದ್ದಾಗ, ಮಾಫಿಯಾ ಬುಕ್ಕಿಗಳ ಟೆಲಿಫೋನ್ ಜಾಲ ಕತ್ತರಿಸಲೆಂದು ತಂದ ಕಾಯ್ದೆ ಅದು. ಒಂದು ರಾಜ್ಯದಿಂದ ಇನ್ನೊಂದಕ್ಕೆ ತಂತಿಯ ಮೂಲಕ ಪಣದ ಸುದ್ದಿ ಸಾಗಿಸುವುದನ್ನು ಅದು ಅಪರಾಧ ಮಾಡಿತ್ತು. ಮೂವತ್ತೇಳು ವರ್ಷ ಹಳೆಯ ಆ ತಂತಿಯನ್ನು ಸರ್ಕಾರ ಸಮುದ್ರದ ತಳದ ಕೇಬಲ್‌ವರೆಗೂ ಎಳೆಯಿತು.

ಆಂಟಿಗುವಾದಲ್ಲೇ ಉಳಿದಿದ್ದರೆ ಕೋಹೆನ್‌ನನ್ನು ಹಿಡಿಯುವುದು ಸುಲಭವಿರಲಿಲ್ಲ. ಆದರೆ ಅವನು ತಾನಾಗಿ ನ್ಯೂಯಾರ್ಕಿಗೆ ಬಂದು ವಿಚಾರಣೆ ಎದುರಿಸಿದ. ಆ ಧೈರ್ಯದ ಬಗ್ಗೆ ನನಗೆ ಗೌರವವಿದೆ, ಅವನ ವ್ಯಾಪಾರದ ಬಗ್ಗೆ ಇಲ್ಲ. ಅವನ ವಾದವೂ ನೇರವಾಗಿತ್ತು. ಹಣ ಇರುವುದು ಆಂಟಿಗುವಾದಲ್ಲಿ, ಕಂಪ್ಯೂಟರ್ ಇರುವುದೂ ಅಲ್ಲೇ, ಪಣವನ್ನು ಒಪ್ಪಿಕೊಳ್ಳುವುದೂ ಅಲ್ಲೇ, ಅದು ಅಲ್ಲಿ ಕಾನೂನುಬದ್ಧ. ನ್ಯೂಯಾರ್ಕಿನಿಂದ ಬರುವುದು ಬರೀ ಮಾಹಿತಿ. ಜ್ಯೂರಿ ಇದನ್ನು ಒಪ್ಪಲಿಲ್ಲ. 2000ನೇ ಇಸವಿಯ ಫೆಬ್ರುವರಿಯಲ್ಲಿ ಎಂಟೂ ಆರೋಪಗಳಲ್ಲಿ ಅವನು ತಪ್ಪಿತಸ್ಥನೆಂಬ ತೀರ್ಪು ಬಂತು, ಆಗಸ್ಟ್‌ನಲ್ಲಿ 21 ತಿಂಗಳ ಶಿಕ್ಷೆ. ಮರುವರ್ಷ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ನ್ಯೂಯಾರ್ಕಿನಲ್ಲಿ ಕುಳಿತವನು ಫೋನಿನಲ್ಲಿ ಹೇಳಿದ್ದು ಮಾಹಿತಿಯಲ್ಲ, ಪಣವೇ, ನ್ಯೂಯಾರ್ಕಿನಲ್ಲಿ ಅದು ನಿಷಿದ್ಧ ಎಂದಿತು. ಕೋಹೆನ್ ಶಿಕ್ಷೆ ಅನುಭವಿಸಿದ್ದು ಲಾಸ್ ವೇಗಸ್ ಬಳಿಯ ನೆಲ್ಲಿಸ್ ಕಾರಾಗೃಹದಲ್ಲಿ.

ಗಡಿಯಾಚೆಯ ಜೂಜಿನಲ್ಲಿ ಪಣ ಒಡ್ಡಿದ್ದು ಎಲ್ಲಿ ಎಂಬ ಪ್ರಶ್ನೆ ಇಂಟರ್‌ನೆಟ್‌ನೊಂದಿಗೆ ಹುಟ್ಟಿದ್ದಲ್ಲ. ನಮ್ಮಲ್ಲಿ ಅದು ಅರವತ್ತು ವರ್ಷಕ್ಕೂ ಹಿಂದೆ ಎದ್ದಿತ್ತು, ಅದೂ ಬೆಂಗಳೂರಿನಿಂದ. 1950ರ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಅಚ್ಚಾಗುತ್ತಿತ್ತು. ಅದರಲ್ಲಿ ಬರುತ್ತಿದ್ದ ಆರ್‌ಎಂಡಿಸಿ ಪದಬಂಧ ಸ್ಪರ್ಧೆ ಹಣ ಕಟ್ಟಿ ಆಡುವ ಆಟ. ಪತ್ರಿಕೆ ಬೊಂಬಾಯಿ ಪ್ರಾಂತ್ಯದಲ್ಲಿ ಜೋರಾಗಿ ಖರ್ಚಾಗುತ್ತಿತ್ತು, ಅಲ್ಲಿನವರು ಫಾರಂ ತುಂಬಿ ಪ್ರವೇಶ ಶುಲ್ಕ ಕಟ್ಟುತ್ತಿದ್ದರು. ಸ್ಪರ್ಧೆ ನಡೆಸುವವರು ಮೈಸೂರು ಸರ್ಕಾರದ ಪರವಾನಗಿ ಪಡೆದಿದ್ದರು, ಮೈಸೂರಿಗೆ ತೆರಿಗೆ ಕಟ್ಟುತ್ತಿದ್ದರು. ಬೊಂಬಾಯಿ ಸರ್ಕಾರ 1952ರಲ್ಲಿ ಕಾಯ್ದೆ ತಿದ್ದಿ, ಹೊರಗೆ ಅಚ್ಚಾದ ಪತ್ರಿಕೆಗಳ ಸ್ಪರ್ಧೆಗಳ ಮೇಲೂ ತೆರಿಗೆ ಹಾಕಿತು. ನಾವು ಮೈಸೂರಿನವರು, ನೀವು ತೆರಿಗೆ ಕೇಳುವುದು ಹೇಗೆ ಎಂದು ಸ್ಪರ್ಧೆ ನಡೆಸುತ್ತಿದ್ದ ಚಮರ್‌ಬಾಗ್‌ವಾಲಾ ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಗೆದ್ದರು ಕೂಡ.

ಸುಪ್ರೀಂ ಕೋರ್ಟ್ 1957ರ ಏಪ್ರಿಲ್‌ನಲ್ಲಿ ಆ ತೀರ್ಪನ್ನು ತಲೆಕೆಳಗು ಮಾಡಿತು. ಆಹ್ವಾನ ತಲುಪುವುದು ಬೊಂಬಾಯಿಯಲ್ಲಿ, ಫಾರಂ ತುಂಬುವುದು ಅಲ್ಲಿ, ಹಣ ಕೊಡುವುದು ಅಲ್ಲಿ, ಬೊಂಬಾಯಿಗೆ ಅಧಿಕಾರ ಇರಲು ಇಷ್ಟು ನಂಟು ಸಾಕು ಎಂದರು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್. ಋಗ್ವೇದ, ಮಹಾಭಾರತಗಳ ಕಾಲದಿಂದ ಈ ನೆಲ ಜೂಜನ್ನು ಹೇಗೆ ಕಂಡಿದೆ ಎಂಬುದನ್ನು ಬಿಡಿಸಿಟ್ಟು, ಜೂಜು ವ್ಯಾಪಾರವೇ ಅಲ್ಲ, ಸಂವಿಧಾನ ವ್ಯಾಪಾರಕ್ಕೆ ಕೊಟ್ಟಿರುವ ರಕ್ಷಣೆ ಅದಕ್ಕಿಲ್ಲ ಎಂದೂ ಹೇಳಿದರು. ನಂಟಿನ ವಿಷಯದಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ನಲವತ್ತನಾಲ್ಕು ವರ್ಷಗಳ ನಂತರ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಜೂಜು ವ್ಯಾಪಾರವಲ್ಲ ಎಂಬ ಎರಡನೇ ಮಾತನ್ನು ಮಾತ್ರ ಅಮೆರಿಕ ಜಿನೀವಾದಲ್ಲಿ ಹೇಳಲಾಗಲಿಲ್ಲ. ಹೇಳಲಾಗದಂತೆ ಅದು ತಾನೇ ಬರೆದುಕೊಟ್ಟಿತ್ತು.

ಆ ಬರಹ ಇದ್ದದ್ದು ಗ್ಯಾಟ್ಸ್ ಎಂಬ ಸೇವಾ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿ. ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟುವಾಗ ಯಾವ ಯಾವ ಸೇವೆಗಳಿಗೆ ತನ್ನ ಬಾಗಿಲು ತೆರೆಯುತ್ತೇನೆಂದು ಪ್ರತಿ ದೇಶವೂ ಪಟ್ಟಿ ಕೊಟ್ಟಿತ್ತು. ಅಮೆರಿಕದ ಪಟ್ಟಿಯಲ್ಲಿ ‘ಕ್ರೀಡೆ ಬಿಟ್ಟು ಇತರ ಮನರಂಜನಾ ಸೇವೆಗಳು’ ಎಂಬ ಒಂದು ಸಾಲಿತ್ತು. ಆಂಟಿಗುವಾ ಪರ ನಿಂತ ಟೆಕ್ಸಾಸ್‌ನ ವಕೀಲ ಮಾರ್ಕ್ ಮೆಂಡೆಲ್ ಆ ಸಾಲನ್ನು ಹಿಡಿದರು. ಸೇವೆಗಳನ್ನು ವಿಂಗಡಿಸುವ ವಿಶ್ವಸಂಸ್ಥೆಯ ಕೋಷ್ಟಕದಲ್ಲಿ ಜೂಜು ಬರುವುದು ಈ ಇತರ ಮನರಂಜನೆಯ ಕೆಳಗೇ. 2003ರ ಮಾರ್ಚ್‌ನಲ್ಲಿ ಆಂಟಿಗುವಾ ದೂರು ಕೊಟ್ಟಿತು. ಒಂದು ಕಾಲಕ್ಕೆ ತನ್ನಲ್ಲಿ 119 ಪರವಾನಗಿದಾರರಿದ್ದರು, ಸುಮಾರು 3,000 ಜನರಿಗೆ ಕೆಲಸವಿತ್ತು, ಅಮೆರಿಕದ ಒತ್ತಡದಿಂದ ಈಗ 28 ಉಳಿದಿವೆ, ಕೆಲಸ 500 ಜನಕ್ಕೂ ಇಲ್ಲ ಎಂದು ಅದು ಲೆಕ್ಕ ಕೊಟ್ಟಿತು.

ಅಮೆರಿಕದ ಕಳವಳವನ್ನು ಹಗುರವಾಗಿ ಕಾಣಬಾರದು. ಕಪ್ಪುಹಣ ಬಿಳಿಯಾಗುವುದು, ಮೋಸ, ಅಪ್ರಾಪ್ತರು ಮಲಗುವ ಕೋಣೆಯಲ್ಲೇ ಕುಳಿತು ಆಡುವುದು, ಚಟ, ಇವೆಲ್ಲ ನಿಜವಾದ ಅಪಾಯಗಳು. ಆಂಟಿಗುವಾದ ಬ್ಯಾಂಕ್ ಕಾನೂನು ಸಡಿಲವಾಗಿದೆಯೆಂದು ಅಮೆರಿಕದ ಖಜಾನೆ ಇಲಾಖೆ 1999ರಲ್ಲೇ ತನ್ನ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು, ಅದನ್ನು ಹಿಂತೆಗೆದುಕೊಂಡದ್ದು 2001ರಲ್ಲಿ. ಸಾರ್ವಜನಿಕ ನೈತಿಕತೆಯನ್ನು ಕಾಪಾಡಲು ಅಗತ್ಯವಾದ ಕ್ರಮಗಳಿಗೆ ಗ್ಯಾಟ್ಸ್‌ನಲ್ಲೇ ವಿನಾಯಿತಿ ಇದೆ, ಅಮೆರಿಕ ಆಶ್ರಯಿಸಿದ್ದು ಅದನ್ನು.

2004ರ ನವೆಂಬರ್‌ನಲ್ಲಿ ವಿಚಾರಣಾ ಸಮಿತಿ ಆಂಟಿಗುವಾ ಪರ ವರದಿ ಕೊಟ್ಟಿತು. 2005ರ ಏಪ್ರಿಲ್ 7ರಂದು ಬಂದ ಮೇಲ್ಮನವಿ ಮಂಡಳಿಯ ತೀರ್ಪು ಇಡೀ ಕಥೆಯ ನಡುಗಂಬ. ಒಂದು, ಅಮೆರಿಕ ಉದ್ದೇಶಿಸಿರಲಿ ಬಿಡಲಿ, ಅದರ ಪಟ್ಟಿಯಲ್ಲಿ ಜೂಜು ಸೇರಿದೆ. ಎರಡು, ದೂರದಿಂದ ನಡೆಸುವ ಜೂಜನ್ನು ಪೂರ್ತಿ ನಿಷೇಧಿಸುವುದು ಕೊಟ್ಟ ಮಾತಿಗೆ ವಿರುದ್ಧ. ಮೂರು, ಆದರೂ ಆ ನಿಷೇಧದ ಹಿಂದಿರುವ, ವೈರ್ ಆ್ಯಕ್ಟ್ ಸೇರಿದಂತೆ ಮೂರು ಫೆಡರಲ್ ಕಾನೂನುಗಳು ಸಾರ್ವಜನಿಕ ನೈತಿಕತೆಯ ರಕ್ಷಣೆಗೆ ಅಗತ್ಯವೇ. ಇಲ್ಲಿಯವರೆಗೆ ಕೇಳಿದರೆ ಅಮೆರಿಕ ಗೆದ್ದಂತೆಯೇ. ಆದರೆ ವಿನಾಯಿತಿ ಬೇಡುವವರು ತಮ್ಮವರಿಗೊಂದು, ಹೊರಗಿನವರಿಗೊಂದು ನ್ಯಾಯ ಮಾಡಿರಬಾರದು. ಅಲ್ಲಿ ಅಡ್ಡ ಬಂದದ್ದು ಕುದುರೆ. ಅಂತರರಾಜ್ಯ ಕುದುರೆ ರೇಸ್ ಕಾಯ್ದೆ 1978ರದ್ದು, 2000ದಲ್ಲಿ ತಿದ್ದಿದ್ದು. ಅದರ ಮಾತುಗಳ ಪ್ರಕಾರ ಅಮೆರಿಕದ ಕಂಪನಿಗಳು ಫೋನ್, ಇಂಟರ್‌ನೆಟ್ ಮೂಲಕ ರೇಸಿನ ಪಣ ಪಡೆಯಬಹುದು. ಕೆಂಟಕಿಯ ಕುದುರೆಯ ಮೇಲೆ ಅಮೆರಿಕದ ಕಂಪನಿ ಪಡೆದ ಪಣದಿಂದ ಕೆಡದ ನೀತಿ ಆಂಟಿಗುವಾದ ಕಂಪನಿ ಪಡೆದರೆ ಕೆಡುವುದು ಹೇಗೆ? ಈ ಪ್ರಶ್ನೆಗೆ ತೃಪ್ತಿಕರ ಉತ್ತರ ಸಿಗಲಿಲ್ಲ.

ಈ ತೀರ್ಪಿನ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೊಡುವ ಇರಾದೆಯೇ ಇರದ ಮಾತನ್ನು ನಿಘಂಟು, ಕೋಷ್ಟಕ ಹುಡುಕಿ ಒಂದು ದೇಶದ ತಲೆಗೆ ಕಟ್ಟುವುದು ತಪ್ಪು ಎನ್ನುವವರಿದ್ದಾರೆ. ಸಂಪೂರ್ಣ ನಿಷೇಧವನ್ನು ‘ಸೊನ್ನೆ ಕೋಟಾ’ ಎಂದು ಓದಿದ್ದರಿಂದ ದೇಶಗಳ ಕಾನೂನು ಮಾಡುವ ಹಕ್ಕಿಗೇ ಕುತ್ತು ಬಂತು ಎಂಬ ಆಕ್ಷೇಪವೂ ಇದೆ. ಇನ್ನೊಂದು ಪಕ್ಷದವರಿಗೆ ಇದು ನೀತಿಯ ಹೆಸರಿನ ವಿನಾಯಿತಿಗೆ ಮೊದಲ ಸಲ ಜೀವ ಕೊಟ್ಟ ತೀರ್ಪು. ನನಗೆ ಎರಡನೆಯವರ ಮಾತು ಹೆಚ್ಚು ಸರಿ ಎನಿಸುತ್ತದೆ. ಮಂಡಳಿ ಅಮೆರಿಕದ ನೀತಿಯನ್ನು ಪ್ರಶ್ನಿಸಲಿಲ್ಲ, ಅದನ್ನು ಎಲ್ಲರಿಗೂ ಒಂದೇ ಸಮ ಹಚ್ಚು ಎಂದಿತು, ಅಷ್ಟೆ.

ತೀರ್ಪು ಪಾಲಿಸಲು ಕೊಟ್ಟ ಗಡುವು 2006ರ ಏಪ್ರಿಲ್ 3. ಗಡುವು ಕಳೆಯಿತು, ಏನೂ ಆಗಲಿಲ್ಲ. ಅದೇ ವರ್ಷ ಅಮೆರಿಕ ಬೇರೆಯೇ ದಾರಿ ಹಿಡಿಯಿತು. ಜುಲೈನಲ್ಲಿ ಬೆಟ್‌ಆನ್‌ಸ್ಪೋರ್ಟ್ಸ್ ಕಂಪನಿಯ ಮುಖ್ಯಸ್ಥ, ಬ್ರಿಟನ್ನಿನ ಡೇವಿಡ್ ಕರೂದರ್ಸ್ ಲಂಡನ್ನಿನಿಂದ ಕೋಸ್ಟರಿಕಕ್ಕೆ ಹೋಗುತ್ತ ಡಲ್ಲಾಸ್‌ನಲ್ಲಿ ವಿಮಾನ ಬದಲಿಸಲು ಇಳಿದಾಗ ಬಂಧಿಸಿದರು, ಕೊನೆಗೆ 33 ತಿಂಗಳ ಸಜೆಯಾಯಿತು. ಸೆಪ್ಟೆಂಬರ್ ಕೊನೆಯಲ್ಲಿ, ಸಂಸತ್ತು ಚುನಾವಣೆಗೆಂದು ಚದುರುವ ಮುನ್ನ, ಬಂದರು ಭದ್ರತೆಯ ಮಸೂದೆಗೆ ಸೆನೆಟ್ ನಾಯಕ ಬಿಲ್ ಫ್ರಿಸ್ಟ್ ಮುತುವರ್ಜಿಯಿಂದ ಒಂದು ಅಧ್ಯಾಯ ಅಂಟಿಕೊಂಡಿತು. ಅದು ಅಕ್ರಮ ಇಂಟರ್‌ನೆಟ್ ಜೂಜು ತಡೆ ಕಾಯ್ದೆ. ಅಕ್ಟೋಬರ್ 13ರಂದು ಅಧ್ಯಕ್ಷ ಜಾರ್ಜ್ ಬುಷ್ ಸಹಿ ಮಾಡಿದರು. ಆಡುವವನನ್ನು ಅದು ಮುಟ್ಟಲಿಲ್ಲ. ಯಾವ ಜೂಜು ಅಕ್ರಮ ಎಂದೂ ಹೊಸದಾಗಿ ಹೇಳಲಿಲ್ಲ. ಅದು ಕೈಹಾಕಿದ್ದು ಹಣದ ಕಾಲುವೆಗೆ. ಕಾರ್ಡ್, ಬ್ಯಾಂಕ್ ವರ್ಗಾವಣೆ, ಚೆಕ್ ಯಾವುದರಿಂದಲೂ ಜೂಜು ಕಂಪನಿ ಹಣ ಪಡೆಯುವಂತಿಲ್ಲ, ಬ್ಯಾಂಕುಗಳು ಅದನ್ನು ಪತ್ತೆ ಮಾಡಿ ತಡೆಯಬೇಕು. ಕುದುರೆ ರೇಸಿಗೆ ಅಲ್ಲೂ ವಿನಾಯಿತಿ ಉಳಿಯಿತು.

ಸಮುದ್ರದಾಚೆಯ ಸರ್ವರ್‌ಗೆ ಪೊಲೀಸರ ಕೈ ಎಟುಕದು. ಆದರೆ ಡಾಲರ್ ಒಂದಲ್ಲ ಒಂದು ಕಡೆ ಅಮೆರಿಕದ ಬ್ಯಾಂಕನ್ನು ದಾಟಿಯೇ ಹೋಗಬೇಕು. ಕಾಯ್ದೆಯ ಬಲ ಇದ್ದದ್ದು ಈ ತಿಳಿವಳಿಕೆಯಲ್ಲಿ. ಲಂಡನ್ ಷೇರುಪೇಟೆಯಲ್ಲಿ ಪಾರ್ಟಿಗೇಮಿಂಗ್ ಎಂಬ ಆನ್‌ಲೈನ್ ಪೋಕರ್ ಕಂಪನಿ ಒಂದೇ ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಲೆ ಕಳೆದುಕೊಂಡಿತು. 2007ರ ಜನವರಿಯಲ್ಲಿ ನೆಟೆಲ್ಲರ್ ಎಂಬ ಹಣ ವರ್ಗಾವಣೆ ಕಂಪನಿಯ ಇಬ್ಬರು ಸ್ಥಾಪಕರ ಬಂಧನವಾಯಿತು, ಕಂಪನಿ 13 ಕೋಟಿ 60 ಲಕ್ಷ ಡಾಲರ್ ಒಪ್ಪಿಸಿತು. ಪಾರ್ಟಿಗೇಮಿಂಗ್‌ನ ಪೋಕರ್ ಸಾಫ್ಟ್‌ವೇರ್ ಬರೆದವರು ದೆಹಲಿ ಐಐಟಿಯಲ್ಲಿ ಓದಿದ ಅನುರಾಗ್ ದೀಕ್ಷಿತ್. ಕಂಪನಿಯ ಕಚೇರಿ ಗಿಬ್ರಾಲ್ಟರ್‌ನಲ್ಲಿ, ಸಾಫ್ಟ್‌ವೇರ್ ಮತ್ತು ಗ್ರಾಹಕ ಸೇವೆಯ ದೊಡ್ಡ ಪಾಲು ಹೈದರಾಬಾದಿನಲ್ಲಿ. 2008ರ ಡಿಸೆಂಬರ್‌ನಲ್ಲಿ ದೀಕ್ಷಿತ್ ನ್ಯೂಯಾರ್ಕಿನ ಕೋರ್ಟಿನಲ್ಲಿ ವೈರ್ ಆ್ಯಕ್ಟ್ ಉಲ್ಲಂಘಿಸಿದ್ದನ್ನು ಒಪ್ಪಿಕೊಂಡು 30 ಕೋಟಿ ಡಾಲರ್ ಬಿಟ್ಟುಕೊಡಲು ಸಮ್ಮತಿಸಿದರು. ಜೈಲಾಗಲಿಲ್ಲ, ಒಂದು ವರ್ಷದ ಪ್ರೊಬೇಷನ್ ಆಯಿತು.

ಜಿನೀವಾದಲ್ಲಿ ಅಮೆರಿಕ ಮತ್ತೆ ಸೋತಿತು. 2007ರ ಮಾರ್ಚ್‌ನಲ್ಲಿ, ತೀರ್ಪನ್ನು ಪಾಲಿಸಿಲ್ಲ ಎಂಬ ವರದಿ ಬಂತು. ಮೇ ತಿಂಗಳಲ್ಲಿ ವಾಷಿಂಗ್ಟನ್ ತನ್ನ ಪಟ್ಟಿಯಿಂದ ಜೂಜನ್ನೇ ಹೊರಗೆ ತೆಗೆಯುವುದಾಗಿ ಘೋಷಿಸಿತು. ಹಾಗೆ ಮಾಡಲು ನಿಯಮದಲ್ಲಿ ಅವಕಾಶವಿದೆ, ಆದರೆ ನಷ್ಟವಾದ ದೇಶಗಳಿಗೆ ಬೇರೆ ಏನಾದರೂ ಕೊಡಬೇಕು. ಯುರೋಪ್, ಜಪಾನ್, ಕೆನಡಾ ಮೊದಲಾದವು ಕೇಳಿದವು, ಭಾರತವೂ ಕೇಳಿತ್ತು. ಯುರೋಪ್, ಜಪಾನ್, ಕೆನಡಾಗಳೊಂದಿಗೆ ಉಗ್ರಾಣ, ಕೊರಿಯರ್, ಸಂಶೋಧನೆಯಂಥ ಸೇವೆಗಳಲ್ಲಿ ರಿಯಾಯಿತಿ ಕೊಟ್ಟು ಅಮೆರಿಕ ರಾಜಿ ಮಾಡಿಕೊಂಡಿತು. ಮೊಕದ್ದಮೆ ಹೂಡಿ ಗೆದ್ದಿದ್ದ ಆಂಟಿಗುವಾ ಬರಿಗೈಯಲ್ಲಿ ಉಳಿಯಿತು.

ಆಂಟಿಗುವಾಕ್ಕೆ ಪ್ರತೀಕಾರದ ಹಕ್ಕು ಎಷ್ಟರದು ಎಂಬುದನ್ನು ಪಂಚಾಯ್ತಿ ತೀರ್ಮಾನಿಸಬೇಕಿತ್ತು. ಆಂಟಿಗುವಾ ಕೇಳಿದ್ದು ವರ್ಷಕ್ಕೆ 344 ಕೋಟಿ 30 ಲಕ್ಷ ಡಾಲರ್. ಅಮೆರಿಕ ಒಪ್ಪಿದ್ದು 5 ಲಕ್ಷ. 2007ರ ಡಿಸೆಂಬರ್ 21ರಂದು ಪಂಚಾಯ್ತಿದಾರರು 2 ಕೋಟಿ 10 ಲಕ್ಷ ಎಂದರು. ಅಮೆರಿಕ ತೀರ್ಪು ಪಾಲಿಸಿದ್ದರೆ ಕುದುರೆ ರೇಸಿನ ಪಣವನ್ನಷ್ಟೇ ತೆರೆಯುತ್ತಿತ್ತು ಎಂದು ಊಹಿಸಿ ಹಾಕಿದ ಲೆಕ್ಕ ಅದು. ಮೊತ್ತಕ್ಕಿಂತ ಅದನ್ನು ವಸೂಲು ಮಾಡಲು ಒಪ್ಪಿದ ದಾರಿ ಮುಖ್ಯ. ಸಾಮಾನ್ಯವಾಗಿ ಗೆದ್ದ ದೇಶ ಸೋತವರ ಸರಕಿನ ಮೇಲೆ ಸುಂಕ ಏರಿಸುತ್ತದೆ. ಬೇಕಾದದ್ದಕ್ಕೆಲ್ಲ ಅಮೆರಿಕವನ್ನೇ ನೆಚ್ಚಿರುವ ಪುಟ್ಟ ದ್ವೀಪ ಸುಂಕ ಏರಿಸಿದರೆ ಬರೆ ಬೀಳುವುದು ತನ್ನ ಜನರಿಗೇ. ಹಾಗಾಗಿ ಅಮೆರಿಕದ ಹಕ್ಕುಸ್ವಾಮ್ಯ, ಟ್ರೇಡ್‌ಮಾರ್ಕ್, ಪೇಟೆಂಟ್‌ಗಳನ್ನು ಆ ಮೊತ್ತದಷ್ಟು ಕಡೆಗಣಿಸಲು ಆಂಟಿಗುವಾಕ್ಕೆ ಅನುಮತಿ ಸಿಕ್ಕಿತು. 2013ರ ಜನವರಿ 28ರಂದು ಅದಕ್ಕೆ ಅಂತಿಮ ಮುದ್ರೆ ಬಿತ್ತು. ಹಾಲಿವುಡ್ ಸಿನಿಮಾ, ಹಾಡುಗಳನ್ನು ರಾಯಧನ ಕೊಡದೆ ಮಾರುವ ಜಾಲತಾಣದ ಮಾತು ಎದ್ದಿತು. ಅದು ಸರ್ಕಾರವೇ ನಡೆಸುವ ಕಳ್ಳತನವಾದೀತು ಎಂದು ಅಮೆರಿಕ ಸಿಟ್ಟಾಯಿತು. ಜಾಲತಾಣ ಬರಲೇ ಇಲ್ಲ. ದೊಡ್ಡ ನೆರೆಯವನನ್ನು ಕೆಣಕಿ ಬದುಕುವುದು ಹೇಗೆ ಎಂಬ ಅಳುಕು ಗೆದ್ದವರ ಕೈಯನ್ನೇ ಕಟ್ಟಿತು. ಎಲ್ಲಿಂದ ಈ ಕಥೆ ಶುರುವಾಯಿತೋ ಆ ವರ್ಲ್ಡ್ ಸ್ಪೋರ್ಟ್ಸ್ ಎಕ್ಸ್‌ಚೇಂಜ್ ಅದೇ ವರ್ಷದ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು.

ಅಷ್ಟರೊಳಗೆ ಅಮೆರಿಕದ ಒಳಗೂ ನೆಲ ಅಲುಗಿತ್ತು. 2011ರ ಏಪ್ರಿಲ್ 15ರ ಶುಕ್ರವಾರ, ನ್ಯೂಯಾರ್ಕಿನ ಅಭಿಯೋಜಕ ಪ್ರೀತ್ ಭರಾರ ಅವರ ಕಚೇರಿ ಪೋಕರ್‌ಸ್ಟಾರ್ಸ್, ಫುಲ್ ಟಿಲ್ಟ್, ಆಬ್ಸೊಲ್ಯೂಟ್ ಪೋಕರ್ ತಾಣಗಳಿಗೆ ಬೀಗ ಹಾಕಿ 11 ಮಂದಿಯ ಮೇಲೆ ಆರೋಪ ಹೊರಿಸಿತು. ಜೂಜಿನ ಹಣವನ್ನು ಆಭರಣ, ಗಾಲ್ಫ್ ಚೆಂಡು ಮಾರುವ ನಕಲಿ ಅಂಗಡಿಗಳ ಲೆಕ್ಕದಲ್ಲಿ ಬ್ಯಾಂಕಿನೊಳಗೆ ತೂರಿಸಲಾಗಿತ್ತು ಎಂಬುದು ಆರೋಪದ ತಿರುಳು. ಫುಲ್ ಟಿಲ್ಟ್‌ನ ಕಥೆ ಇನ್ನೂ ಕರುಣಾಜನಕ. ಜಗತ್ತಿನಾದ್ಯಂತ ಆಟಗಾರರಿಗೆ ಅದು ಕೊಡಬೇಕಿದ್ದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿದ್ದದ್ದು 6 ಕೋಟಿ. ಪರದೇಶದ ಪರವಾನಗಿಯ ಕಾಗದವನ್ನು ನಂಬಿ ಹಣ ಇಟ್ಟವರ ಪಾಲಿಗೆ ಅದು ಕಾಗದ ಮಾತ್ರವಾಗಿತ್ತು. ಗಡಿಯಾಚೆಯ ಜೂಜನ್ನು ಅಪರಾಧವೆಂದು ಕಾಣುವವರಿಗೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ. 2012ರಲ್ಲಿ ಪೋಕರ್‌ಸ್ಟಾರ್ಸ್ 73 ಕೋಟಿ 10 ಲಕ್ಷ ಡಾಲರ್ ಒಪ್ಪಂದ ಮಾಡಿಕೊಂಡು ಫುಲ್ ಟಿಲ್ಟನ್ನು ಕೊಂಡ ಮೇಲೆ ಆ ಆಟಗಾರರ ಹಣ ಮರಳುವ ದಾರಿ ತೆರೆಯಿತು.

ಅದೇ 2011ರ ಡಿಸೆಂಬರ್ 23ರಂದು ಅಮೆರಿಕದ ನ್ಯಾಯ ಇಲಾಖೆ ಒಂದು ಅಭಿಪ್ರಾಯ ಹೊರಹಾಕಿತು. ಇಲಿನಾಯ್, ನ್ಯೂಯಾರ್ಕ್ ರಾಜ್ಯಗಳು ಲಾಟರಿ ಟಿಕೆಟನ್ನು ಇಂಟರ್‌ನೆಟ್‌ನಲ್ಲಿ ಮಾರಬಹುದೇ ಎಂದು ಕೇಳಿದ್ದಕ್ಕೆ ಬಂದ ಉತ್ತರ ಅದು. ವೈರ್ ಆ್ಯಕ್ಟ್ ಕ್ರೀಡಾ ಬೆಟ್ಟಿಂಗ್‌ಗೆ ಮಾತ್ರ ಅನ್ವಯ, ಬೇರೆ ಜೂಜಿಗಲ್ಲ ಎಂದಿತು ಇಲಾಖೆ. ಪೋಕರ್, ಕ್ಯಾಸಿನೊ ಆಟಗಳ ತಾಣ ಕಟ್ಟಿದ ದೀಕ್ಷಿತ್ 30 ಕೋಟಿ ಡಾಲರ್ ಒಪ್ಪಿಸಲು ಮುಂದಾದದ್ದು ಇದೇ ಕಾಯ್ದೆಯಡಿ, ಮೂರು ವರ್ಷ ಮೊದಲು. ಕಾನೂನಿನ ಅಕ್ಷರ ಬದಲಾಗಿರಲಿಲ್ಲ, ಓದುವ ಕಣ್ಣು ಬದಲಾಗಿತ್ತು. 2018ರ ಕೊನೆಯಲ್ಲಿ ಇಲಾಖೆ ತನ್ನ ಓದನ್ನು ಮತ್ತೆ ಹಿಂದಕ್ಕೆ ತಿರುಗಿಸಿತು, 2021ರ ಜನವರಿಯಲ್ಲಿ ಬಾಸ್ಟನ್ನಿನ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಈ ನಡುವೆ, 2018ರ ಮೇ 14ರಂದು, ರಾಜ್ಯಗಳು ಕ್ರೀಡಾ ಬೆಟ್ಟಿಂಗ್‌ಗೆ ಅನುಮತಿ ಕೊಡದಂತೆ ತಡೆದಿದ್ದ ಫೆಡರಲ್ ಕಾಯ್ದೆಯನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು.

ನಮ್ಮಲ್ಲೂ ಇದೇ ಹಾದಿಯ ಗುರುತುಗಳಿವೆ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಪಣವನ್ನು ನಿಷೇಧಿಸಿತು. ಆ ತಿದ್ದುಪಡಿಯಲ್ಲೂ ಲಾಟರಿಯ ಜತೆಗೆ ಕುದುರೆ ರೇಸಿಗೆ ವಿನಾಯಿತಿ ಇತ್ತು. ಕೌಶಲದ ಆಟಗಳನ್ನೂ ಜೂಜಿನೊಂದಿಗೆ ಬೆರೆಸಿದ್ದು ಸರಿಯಲ್ಲವೆಂದು 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ಕೌಶಲವಿರಲಿ, ಅದೃಷ್ಟವಿರಲಿ ನಿಷೇಧಿಸುತ್ತದೆ. ದೇಶದ ಹೊರಗಿನಿಂದ ನಡೆಸುವ ತಾಣಗಳಿಗೂ ಅದು ಅನ್ವಯ. ಬ್ಯಾಂಕುಗಳು ಅಂಥ ಹಣ ಸಾಗಿಸುವುದನ್ನೂ ತಡೆಯುತ್ತದೆ, ಆಡುವವನನ್ನು ಶಿಕ್ಷಿಸುವುದಿಲ್ಲ. 2006ರಲ್ಲಿ ವಾಷಿಂಗ್ಟನ್ ಕಂಡುಕೊಂಡ ಹಣದ ಕಾಲುವೆಯ ಪಾಠ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಾಲ ಮಾಡಿ ಆಡಿ ಮನೆ ಕಳೆದುಕೊಂಡವರ ಸುದ್ದಿಯನ್ನು ವಾರಕ್ಕೊಮ್ಮೆಯಾದರೂ ಓದುವ ನಮಗೆ ಇಂಥ ಕಾನೂನು ಬೇಡವೆನ್ನಲು ಬಾಯಿ ಬರುವುದಿಲ್ಲ. ಕಾಯ್ದೆಯ ವಿರುದ್ಧ ವಿವಿಧ ಹೈಕೋರ್ಟುಗಳಲ್ಲಿ ಇದ್ದ ತಕರಾರು ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿತು.

ಮತ್ತೆ ನ್ಯೂಯಾರ್ಕ್. 2022ರ ಜನವರಿ 8ರಿಂದ ಅಲ್ಲಿ ಮೊಬೈಲ್ ಫೋನಿನಲ್ಲಿ ಕ್ರೀಡೆಗಳ ಮೇಲೆ ಪಣ ಕಟ್ಟುವುದು ಕಾನೂನುಬದ್ಧ. ಕಂಪನಿಗಳ ಗಳಿಕೆಯಲ್ಲಿ ಶೇ 51 ರಾಜ್ಯದ ತೆರಿಗೆ. ಆ ರಾಜ್ಯದ ಸಂವಿಧಾನ ಇಂಥ ಜೂಜಿಗೆ ಅವಕಾಶ ಕೊಟ್ಟಿರುವುದು ಕೆಲವೇ ಪರವಾನಗಿ ಪಡೆದ ಕ್ಯಾಸಿನೊಗಳ ಒಳಗೆ. ಊರೆಲ್ಲ ಕುಳಿತು ಆಡುವುದನ್ನು ಸಂವಿಧಾನಕ್ಕೆ ಹೊಂದಿಸಲು ಶಾಸನಸಭೆ ಒಂದು ವಾಕ್ಯ ಬರೆಯಿತು: ಆಡುವವನು ರಾಜ್ಯದ ಯಾವ ಮೂಲೆಯಲ್ಲಿದ್ದರೂ, ಪಣ ಒಡ್ಡಿದ್ದು ಅದನ್ನು ಸ್ವೀಕರಿಸಿದ ಸರ್ವರ್ ಇರುವ ಸ್ಥಳದಲ್ಲಿ ಎಂದು ತಿಳಿಯತಕ್ಕದ್ದು. ಜೇ ಕೋಹೆನ್ 2000ದಲ್ಲಿ ನ್ಯೂಯಾರ್ಕ್ ನಗರದ ಜ್ಯೂರಿಯ ಮುಂದೆ ಹೇಳಿದ್ದೂ ಇದನ್ನೇ. ಆಗ ಸರ್ವರ್ ಆಂಟಿಗುವಾದಲ್ಲಿತ್ತು.